ಬೂಟಿನ ಮೇಲಣ ಹೆಸರು

ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಮಲ್ಲಪ್ಪ ಶಾಫ್ಟಿನಿಂದ ಮೇಲಕ್ಕೆ ಬಂದ ಕಾರ್ಮಿಕನ ಕಾಲಲ್ಲಿರುವ ಬೂಟು ಯಾವ ಕಂಪನಿಯದೆಂದು ಈವರೆಗೆ ಯಾರಾದರೂ ವಿಚಾರಿಸಿದ್ದುಂಟೆ ಎಂಬುದು ಸಂಶಯ. ಬೆರಳುಗಳ ಮೇಲೆ ಗಟ್ಟಿ ಕವಚವುಳ್ಳ, ಅಟ್ಟೆ ದಪ್ಪನಾದ, ಅದಿರಿನ ಬೂದುಬಣ್ಣದ ಕೆಸರು ಮೆತ್ತಿ ಒಣಗಿದ ಆ ಬೂಟು ಸುಂದರವಾದ ವಸ್ತುವಲ್ಲ. ಸುಂದರವಾಗಿರಬೇಕೆಂದು ಅದನ್ನು ಮಾಡಿದವನೂ ಬಯಸಿರಲಿಕ್ಕಿಲ್ಲ. ಕಲ್ಲು ಬಿದ್ದರೆ ಬೆರಳು ಉಳಿಯಬೇಕು, ನೀರು ನಿಂತ ಸುರಂಗದಲ್ಲಿ ಕಾಲು ಜಾರಬಾರದು. ಅದರಿಂದ ಅಪೇಕ್ಷಿತವಾದ ಪ್ರಯೋಜನ ಇಷ್ಟೆ. 1952ರ ಗಣಿ ಕಾಯಿದೆಯ ಅಡಿಯಲ್ಲಿ 1961ರಲ್ಲಿ ರಚಿತವಾದ ಲೋಹಗಣಿಗಳ ನಿಯಮಾವಳಿಯು ಈ ವಿಷಯದಲ್ಲಿ ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ: ಅಂಗೀಕೃತ ಮಾದರಿಯ ರಕ್ಷಣಾ ಪಾದರಕ್ಷೆಯನ್ನು ಧರಿಸದೆ ಯಾವನೂ ಗಣಿಯೊಳಕ್ಕೆ ಹೋಗಕೂಡದು, ಆ ಪಾದರಕ್ಷೆಯನ್ನು ಬೆಲೆ ತೆಗೆದುಕೊಳ್ಳದೆ ಒದಗಿಸತಕ್ಕ ಹೊಣೆ ಗಣಿಯ ಮಾಲೀಕನದು. ಯಾವ ಬೂಟು ಎಂಬ ಪ್ರಶ್ನೆಗೂ, ಯಾರ ದುಡ್ಡಿನದು ಎಂಬ ಪ್ರಶ್ನೆಗೂ ಒಂದೇ ಉಸಿರಿನಲ್ಲಿ ಉತ್ತರ ಹೇಳಿದ ನಿಯಮವಿದು. ನಮ್ಮ ಶಾಲೆಗಳ ಸಮವಸ್ತ್ರ ನಿಯಮಗಳಲ್ಲಿ ಮೊದಲನೆಯ ಪ್ರಶ್ನೆಗೆ ಸವಿಸ್ತಾರವಾದ ಉತ್ತರವಿರುತ್ತದೆ. ಎರಡನೆಯದರ ಸುದ್ದಿಯೇ ಇರುವುದಿಲ್ಲ.

ಅದೇ ಕಾರ್ಮಿಕನ ಮಗನು ಹೈಸ್ಕೂಲಿಗೆ ಬಂದ ವರ್ಷ ಮನೆಯಲ್ಲಿ ಬೂಟಿನ ಮಾತು ಬೇರೆಯೇ ಒಂದು ಸ್ವರದಲ್ಲಿ ಆರಂಭವಾಗುತ್ತದೆ. ಕಪ್ಪು ಬೂಟು ಬೇಕೆಂದು ಶಾಲೆ ಹೇಳಿದೆಯೆಂಬುದು ನಿಜವಾದರೂ, ಕಪ್ಪು ಬಣ್ಣದಲ್ಲಿಯೇ ನೈಕಿಯೂ ಉಂಟು, ಅಡಿಡಾಸೂ ಉಂಟು, ಪೂಮಾವೂ ಉಂಟೆಂಬುದನ್ನು ಹದಿನಾಲ್ಕು ವರ್ಷದ ಹುಡುಗನಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಐದು ಸಾವಿರದಿಂದ ಹತ್ತು ಹದಿನೈದು ಸಾವಿರ ರೂಪಾಯಿಗಳವರೆಗೆ ಬೆಲೆಬಾಳುವ ಅಂಥ ಬೂಟು ಸಿಗದಿದ್ದರೆ, ಅದೇ ಗುರುತನ್ನು ಹೊತ್ತು ಆರೇಳು ನೂರು ರೂಪಾಯಿಗೆ ಸಂತೆಯಲ್ಲಿ ಮಾರಾಟವಾಗುವ 'ಫಸ್ಟ್ ಕಾಪಿ'ಯಾದರೂ ಆದೀತು ಎನ್ನುತ್ತಾನೆ. ಈ ಫಸ್ಟ್ ಕಾಪಿಯೆಂಬ ಮರ್ಯಾದೆಯ ಹೆಸರಿನ ಹಿಂದಿರುವುದು ನಕಲಿ ಮಾಲೆಂಬುದು ಕೊಡುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ತರಗತಿಯ ಹುಡುಗರಿಗಂತೂ ಹೊಲಿಗೆಯನ್ನು ನೋಡಿದೊಡನೆಯೇ ಗೊತ್ತಾಗಿಬಿಡುತ್ತದೆ. ಹೀಗಾಗಿ, ಅವಮಾನವನ್ನು ತಪ್ಪಿಸಿಕೊಳ್ಳಲೆಂದು ಕೊಂಡ ವಸ್ತುವೇ ಅವಮಾನಕ್ಕೆ ಇನ್ನೊಂದು ದಾರಿಯಾಗುತ್ತದೆ.

ಶಾಲೆಗಳು ತಮ್ಮ ಸಮವಸ್ತ್ರ ನೀತಿಯಲ್ಲಿ ಇಂಥ ದುಬಾರಿ ಬೂಟುಗಳಿಗೆ ಅಂಕುಶ ಹಾಕಬೇಕೆ, ಬೇಡವೆ ಎಂಬುದು ಪ್ರಶ್ನೆ. ಮೇಲ್ನೋಟಕ್ಕೆ ಇದು ಬೆಂಗಳೂರಿನ ಅಂತಾರಾಷ್ಟ್ರೀಯ ಶಾಲೆಗಳ ಸಮಸ್ಯೆಯಾಗಿ ತೋರಬಹುದು. ಶೇಕಡಾ ಅರುವತ್ತರಷ್ಟೂ ಸಾಕ್ಷರತೆ ಇರಲಿಲ್ಲವೆಂದು 2011ರ ಜನಗಣತಿಯು ತೋರಿಸಿದ ಜಿಲ್ಲೆಯಲ್ಲಿ ಇದನ್ನು ಎತ್ತುವುದೇ ವಿಲಾಸವೆಂದು ಕೆಲವರು ಹೇಳಲೂಬಹುದು. ನನಗೆ ಹಾಗೆ ತೋರುವುದಿಲ್ಲ. ಎಲ್ಲರೂ ಸಿರಿವಂತರಾದ ಶಾಲೆಯಲ್ಲಿ ಬೆಲೆಯುಳ್ಳ ಬೂಟು ಯಾರ ಕಣ್ಣನ್ನೂ ಚುಚ್ಚುವುದಿಲ್ಲ. ಎಲ್ಲರೂ ಬಡವರಾದೆಡೆ ಅದು ಬರುವುದೇ ಇಲ್ಲ. ಅದು ಬಾಧೆಯಾಗುವುದು ಎರಡೂ ಬಗೆಯವರು ಒಂದೇ ಬೆಂಚಿನ ಮೇಲೆ ಕುಳಿತ ಊರುಗಳಲ್ಲಿ. ಮತ್ತು ಲಿಂಗಸುಗೂರು, ಸಿಂಧನೂರು, ಮಸ್ಕಿಗಳ ಈ ಸೀಮೆಯು ಅಂಥ ಊರುಗಳಿಂದಲೇ ತುಂಬಿದೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಮೊದಲು ತಲಪುವ ಹಳ್ಳಿಗಳು, ಕ್ಯಾಂಪುಗಳು ಭತ್ತದಿಂದ ಬೆಳೆದಿರುವಾಗ, ಕೆಳಭಾಗದ ಟೇಲೆಂಡ್ ರೈತನು ಅದೇ ನೀರಿಗಾಗಿ ಧರಣಿ ಕುಳಿತಿರುತ್ತಾನೆ. ಅವನಿಗಿಂತಲೂ ಆಚೆಗಿನ ಒಣಭೂಮಿಯವನು ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಗುಳೆ ಹೋಗಿರುತ್ತಾನೆ. ಹಟ್ಟಿಯಲ್ಲಿಯೂ ಕಂಪನಿಯ ಕಾಯಂ ನೌಕರನ ಮನೆ ಒಂದು, ಗುತ್ತಿಗೆ ಕಾರ್ಮಿಕನ ಮನೆ ಇನ್ನೊಂದು. ಈ ಎಲ್ಲರ ಮಕ್ಕಳೂ ಒಂದೇ ಬಣ್ಣದ ಅಂಗಿಯನ್ನು ತೊಟ್ಟು ಪ್ರಾರ್ಥನೆಗೆ ನಿಂತಾಗ, ಅಂಗಿಯು ಮುಚ್ಚಿದ್ದನ್ನು ಬೂಟು ಬಿಚ್ಚಿ ತೋರಿಸುತ್ತದೆ.

ಪಾದರಕ್ಷೆಗೆ ಈ ಚಾಳಿ ಹೊಸದೇನೂ ಅಲ್ಲ. ಮೈಮೇಲೆ ಧರಿಸುವ ವಸ್ತುಗಳಲ್ಲೆಲ್ಲ ಅತ್ಯಂತ ಕೆಳಗಿನದಾದ ಅದಕ್ಕೆ ಮೇಲುಕೀಳುಗಳ ಲೆಕ್ಕವನ್ನಿಡುವ ಕೆಲಸವನ್ನು ನಮ್ಮ ಸಮಾಜವು ಬಹುಹಿಂದೆಯೇ ಒಪ್ಪಿಸಿಬಿಟ್ಟಿತ್ತು. ಭರತನು ಸಿಂಹಾಸನದ ಮೇಲೆ ಪಾದುಕೆಗಳನ್ನಿಟ್ಟು ರಾಜ್ಯವಾಳಿದ ಕಥೆ ಎಲ್ಲರಿಗೂ ತಿಳಿದದ್ದೇ. ಅಷ್ಟು ದೂರ ಹೋಗಬೇಕಾದ ಅವಶ್ಯಕತೆಯೂ ಇಲ್ಲ. 1948ರವರೆಗೆ ಹಟ್ಟಿಯು ನಿಜಾಮರ ಸೀಮೆಯಲ್ಲಿದ್ದಿತಷ್ಟೆ. ಆ ನಿಜಾಮರ ದರಬಾರಿನಲ್ಲಿ ಬ್ರಿಟಿಷ್ ರೆಸಿಡೆಂಟನೂ ಬೂಟು ಕಳಚಿ ನೆಲಹಾಸಿನ ಮೇಲೆ ಕುಳಿತುಕೊಳ್ಳುವ ಪದ್ಧತಿಯಿದ್ದು, 1869ರಲ್ಲಿ ನಿಜಾಮ ಅಫ್ಜಲುದ್ದೌಲನು ತೀರಿಕೊಂಡು ಮಗುವಾಗಿದ್ದ ಮಹಬೂಬ್ ಅಲಿ ಖಾನನು ಪಟ್ಟಕ್ಕೆ ಬಂದ ಸಂದರ್ಭವನ್ನು ನೋಡಿಕೊಂಡು, ಇನ್ನುಮುಂದೆ ತಾವು ಬೂಟು ಬಿಚ್ಚುವುದಿಲ್ಲ, ಕುರ್ಚಿಯ ಮೇಲೆಯೇ ಕುಳಿತುಕೊಳ್ಳುತ್ತೇವೆ ಎಂದು ಆಂಗ್ಲರು ಸಾಧಿಸಿಕೊಂಡರು. ಒಂದು ಸಾಮ್ರಾಜ್ಯದ ಬಲಾಬಲವು ಬದಲಾದುದನ್ನು ಹೈದರಾಬಾದಿನ ಗಣ್ಯರು ಮೊದಲು ಓದಿಕೊಂಡದ್ದು ಒಪ್ಪಂದದ ಕಾಗದದಲ್ಲಲ್ಲ, ರೆಸಿಡೆಂಟನ ಕಾಲಿನಲ್ಲಿ. ಆಗ ಲಿಂಗಸುಗೂರಿನಲ್ಲಿಯೂ ಹೈದರಾಬಾದ್ ಕಂಟಿಂಜೆಂಟಿನ ಸೇನಾ ಛಾವಣಿಯಿದ್ದಿತು. ಬೂಟಿನ ಸದ್ದಿಗೆ ಅಂಜಿ ದಾರಿ ಬಿಡುವ ಅಭ್ಯಾಸ ಈ ಊರುಗಳಿಗೆ ಅಪರಿಚಿತವಾಗಿರಲಾರದು.

ಇದಕ್ಕಿಂತ ಕ್ರೂರವಾದ ಇತಿಹಾಸ ನಮ್ಮ ಹಳ್ಳಿಗಳೊಳಗಿನದು. ಕೇರಿಯವನು ಊರ ಓಣಿಯಲ್ಲಿ ಕೆರ ಮೆಟ್ಟಿಕೊಂಡು ನಡೆಯಕೂಡದು, ಕೈಯಲ್ಲಿ ಹಿಡಿದುಕೊಂಡು ಹಾಯಬೇಕು ಎಂಬ ಕಟ್ಟಳೆಯು ಪುಸ್ತಕದಲ್ಲಿ ಓದಿ ತಿಳಿಯಬೇಕಾದ ಪ್ರಾಚೀನ ಸಂಗತಿಯಲ್ಲ. ಅದನ್ನು ಅನುಭವಿಸಿದ ವೃದ್ಧರು ಇನ್ನೂ ಜೀವಿಸಿದ್ದಾರೆ. ಚರ್ಮವನ್ನು ಹದಮಾಡಿ ಊರಿಗೆಲ್ಲ ಚಪ್ಪಲಿ ಹೊಲಿದುಕೊಟ್ಟವನೇ ಅದನ್ನು ಮೆಟ್ಟಲು ಅನರ್ಹನಾಗಿದ್ದನೆಂಬುದಕ್ಕಿಂತ ಹೆಚ್ಚಿನ ವೈಪರೀತ್ಯ ಯಾವುದಿದ್ದೀತು? ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಹರಳಯ್ಯನ ವೃತ್ತಾಂತವು ಈ ವೈಪರೀತ್ಯದ ಮರ್ಮವನ್ನೇ ಮುಟ್ಟುತ್ತದೆ. ತಾನು ಶರಣೆಂದು ನಮಿಸಿದುದಕ್ಕೆ ಪ್ರತಿಯಾಗಿ ಬಸವಣ್ಣನು ಶರಣು ಶರಣಾರ್ಥಿಯೆಂದು ಒಂದು ಶರಣನ್ನು ಹೆಚ್ಚಾಗಿ ಹೇಳಿದನಲ್ಲಾ, ಆ ಋಣವನ್ನು ತೀರಿಸುವುದೆಂತು ಎಂದು ಕಳವಳಗೊಂಡ ಹರಳಯ್ಯನೂ ಅವನ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಗಳ ಚರ್ಮವನ್ನೇ ತೆಗೆದು ಚಮ್ಮಾವುಗೆಗಳನ್ನು ಮಾಡಿಕೊಟ್ಟರೆಂದೂ, ಅವನ್ನು ಮೆಟ್ಟಲು ತಾನು ಯೋಗ್ಯನಲ್ಲವೆಂದು ಬಸವಣ್ಣನು ಹಿಂದಿರುಗಿಸಿದನೆಂದೂ ಪರಂಪರೆಯು ಹೇಳುತ್ತದೆ. ಕೊಟ್ಟವರ ಜೀವವೇ ಬೆಲೆಯಾದ ಆ ಚಮ್ಮಾವುಗೆಗಳನ್ನು ಮೆಟ್ಟಿ ಮೆರೆಯುವ ಧೈರ್ಯ ಬಸವಣ್ಣನಿಗೂ ಆಗಲಿಲ್ಲ. ಕಲ್ಯಾಣವೆಂಬ ಹೆಸರನ್ನೇ ಇಂದು ಹೊತ್ತ ಈ ಪ್ರಾಂತದಲ್ಲಿ, ಬೂಟಿನಿಂದ ಮನುಷ್ಯನನ್ನು ಅಳೆಯುವ ಪಾಠವು ಶಾಲೆಯ ಅಂಗಳದಲ್ಲಿಯೇ ನಡೆಯುತ್ತದೆಂದರೆ, ಅದನ್ನು ತಡೆಯುವ ನಿಯಮವೊಂದನ್ನು ಬಯಸುವುದು ತಪ್ಪಾಗಲಾರದು.

ಸಮವಸ್ತ್ರದ ಹುಟ್ಟೂ ಒಂದು ವಿಚಿತ್ರ ಕಥೆ. ಲಂಡನ್ನಿನಲ್ಲಿ 1552ರಲ್ಲಿ ಸ್ಥಾಪಿತವಾದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಧರ್ಮಶಾಲೆಯು ಅನಾಥರಿಗೂ ಬಡವರಿಗೂ ತೊಡಿಸಿದ ನೀಲಿಯಂಗಿಯು ಸಮವಸ್ತ್ರದ ಅತಿ ಹಳೆಯ ಮಾದರಿಗಳಲ್ಲಿ ಒಂದು. ದಾನದಿಂದ ಓದುವ ಮಕ್ಕಳ ಗುರುತಾಗಿದ್ದ ಸಮವಸ್ತ್ರವು ಮುಂದೆ ಸಿರಿವಂತರ ಶಾಲೆಗಳ ಹೆಮ್ಮೆಯ ಲಾಂಛನವಾಗಿ ಮಾರ್ಪಟ್ಟಿತು. ನಮ್ಮಲ್ಲಿಗೆ ಅದು ಈ ಎರಡನೆಯ ವೇಷದಲ್ಲಿಯೇ ಬಂದದ್ದರಿಂದ, ಸಮತೆಗಾಗಿ ಅದು ಇದೆಯೆಂದು ಬಾಯಲ್ಲಿ ಹೇಳುತ್ತ, ಟೈ, ಬೆಲ್ಟು, ಸೋಮವಾರದ ಕಪ್ಪು ಬೂಟು, ಶನಿವಾರದ ಬಿಳಿ ಬೂಟುಗಳಿಂದ ಅದನ್ನು ವೈಭವದ ಪ್ರದರ್ಶನವನ್ನಾಗಿ ಮಾಡುವ ಖಾಸಗಿ ಶಾಲೆಗಳಿಗೆ ಕೊರತೆಯಿಲ್ಲ. ಕರ್ನಾಟಕ ಶಿಕ್ಷಣ ಕಾಯಿದೆಯು 1983ರದು. ಅದರ ಅನ್ವಯ 1995ರಲ್ಲಿ ಹೊರಟ ನಿಯಮಗಳಲ್ಲಿ ಹನ್ನೊಂದನೆಯದು, ಪ್ರತಿಯೊಂದು ಮಾನ್ಯತೆ ಪಡೆದ ಸಂಸ್ಥೆಯೂ ತನ್ನ ಸಮವಸ್ತ್ರವನ್ನು ತಾನೇ ಗೊತ್ತುಪಡಿಸಿಕೊಳ್ಳಬಹುದೆಂದು ಅಧಿಕಾರವನ್ನು ಕೊಡುತ್ತ, ಹಾಗೆ ಒಮ್ಮೆ ಗೊತ್ತುಪಡಿಸಿದುದನ್ನು ಮುಂದಿನ ಐದು ವರ್ಷಗಳವರೆಗೆ ಬದಲಾಯಿಸಕೂಡದೆಂದೂ, ಬದಲಾಯಿಸುವುದಾದರೆ ಒಂದು ವರ್ಷ ಮುಂಚಿತವಾಗಿ ಪಾಲಕರಿಗೆ ತಿಳಿವಳಿಕೆ ಕೊಡಬೇಕೆಂದೂ ವಿಧಿಸುತ್ತದೆ. 2022ರಲ್ಲಿ ಶಿರೋವಸ್ತ್ರದ ವಿವಾದವು ಉಚ್ಚ ನ್ಯಾಯಾಲಯಕ್ಕೆ ಹೋದಾಗ ಈ ಹನ್ನೊಂದನೆಯ ನಿಯಮದ ಹೆಸರು ಪತ್ರಿಕೆಗಳಲ್ಲಿ ದಿನವೂ ಬಂದಿತು. ಆದರೆ ಪಾಲಕನ ಜೇಬನ್ನು ಕಾಯುವ ಅದರ ಉತ್ತರಾರ್ಧವನ್ನು ಆಗಲೂ ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಅನ್ಯದೇಶಗಳ ಅನುಭವದಿಂದ ಕಲಿಯತಕ್ಕದ್ದು ಸ್ವಲ್ಪ ಇದೆ, ಹೆದರತಕ್ಕದ್ದೂ ಇದೆ. ಅಮೇರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ವೀರ ಮೈಕೇಲ್ ಜೋರ್ಡಾನನ ಹೆಸರಿನಲ್ಲಿ ನೈಕಿ ಕಂಪನಿಯು 1985ರಲ್ಲಿ ಮಾರುಕಟ್ಟೆಗೆ ತಂದ ಬೂಟುಗಳ ವ್ಯಾಮೋಹವು ಎಲ್ಲಿಯವರೆಗೆ ಹೋಯಿತೆಂದರೆ, ಆ ದಶಕ ಮುಗಿಯುವುದರೊಳಗಾಗಿ ಬೂಟಿಗಾಗಿ ಹುಡುಗರನ್ನು ದೋಚಿದ, ಕೊಂದೂ ಹಾಕಿದ ಪ್ರಕರಣಗಳು ನಡೆದು, 1990ರ ಮೇ ತಿಂಗಳಲ್ಲಿ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯು ಅದನ್ನೇ ಮುಖಪುಟದ ವಿಷಯವನ್ನಾಗಿ ಮಾಡಿತು. ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ನಗರವು 1994ರಲ್ಲಿ ತನ್ನ ಸಾರ್ವಜನಿಕ ಪ್ರಾಥಮಿಕ, ಮಾಧ್ಯಮಿಕ ಶಾಲೆಗಳಲ್ಲೆಲ್ಲ ಸಮವಸ್ತ್ರವನ್ನು ಕಡ್ಡಾಯ ಮಾಡಿದ ಹಿನ್ನೆಲೆಯಲ್ಲಿ ಇಂಥ ಭಯಗಳೂ ಇದ್ದುವು. ಇಂಗ್ಲೆಂಡಿನ ಬರ್ಕನ್‌ಹೆಡ್ಡಿನಲ್ಲಿರುವ ವುಡ್‌ಚರ್ಚ್ ಹೈಸ್ಕೂಲು 2018ರಲ್ಲಿ ನೂರಾರು ಪೌಂಡು ಬೆಲೆಯ ಕೆಲವು ಹೆಸರಾಂತ ಚಳಿಗಾಲದ ಕೋಟುಗಳನ್ನು, ಅವನ್ನು ಕೊಳ್ಳಲಾರದ ಮಕ್ಕಳು ಬಡತನಕ್ಕಾಗಿ ನಾಚುವಂತಾಗಬಾರದೆಂಬ ಕಾರಣವನ್ನು ಸ್ಪಷ್ಟವಾಗಿ ಹೇಳಿ ನಿಷೇಧಿಸಿತು. ಅದೇ 2018ರಲ್ಲಿ ಟೋಕಿಯೋದ ಗಿಂಜಾ ಬಡಾವಣೆಯ ತೈಮೆಯಿ ಸಾರ್ವಜನಿಕ ಪ್ರಾಥಮಿಕ ಶಾಲೆಯಾದರೋ ಇದಕ್ಕೆ ತದ್ವಿರುದ್ಧವಾಗಿ ಇಟಲಿಯ ಅರ್ಮಾನಿ ಸಂಸ್ಥೆಯಿಂದಲೇ ಸಮವಸ್ತ್ರವನ್ನು ಮಾಡಿಸಿ, ಎಲ್ಲವನ್ನೂ ಕೊಂಡರೆ ಎಂಬತ್ತು ಸಾವಿರ ಯೆನ್ನುಗಳಿಗೂ ಮೀರುವ ಆ ಉಡುಪಿಗಾಗಿ ಸಂಸತ್ತಿನವರೆಗೂ ಟೀಕೆಗೆ ಗುರಿಯಾಯಿತು. ಒಂದು ಶಾಲೆ ಹೆಸರಾಂತ ವಸ್ತುವನ್ನು ಹೊರಗಿಟ್ಟಿತು. ಇನ್ನೊಂದು ಅದನ್ನೇ ಸಮವಸ್ತ್ರವನ್ನಾಗಿ ಮಾಡಿಕೊಂಡಿತು. ನಮ್ಮ ಖಾಸಗಿ ಶಾಲೆಗಳು ಈ ಎರಡರಲ್ಲಿ ಯಾವುದಕ್ಕೆ ಹತ್ತಿರವೆಂದು ಕೇಳಿದರೆ, ತಮ್ಮ ಅಳತೆಗೆ ತಕ್ಕಂತೆ ಎರಡನೆಯದಕ್ಕೇ ಎಂದು ಹೇಳಬೇಕಾಗುತ್ತದೆ.

ಏಕೆಂದರೆ ಇಲ್ಲಿ ದುಬಾರಿ ಬೂಟನ್ನು ಶಾಲೆಯೊಳಕ್ಕೆ ತರುವವನು ಸದಾ ಹಟಮಾರಿ ಮಗನೇ ಆಗಿರುವುದಿಲ್ಲ. ಗೊತ್ತಾದ ಅಂಗಡಿಯಲ್ಲಿ, ಗೊತ್ತಾದ ಕಂಪನಿಯ, ಗೊತ್ತಾದ ಮಾದರಿಯ ಬೂಟನ್ನೇ ಕೊಳ್ಳಬೇಕೆಂದು ಚೀಟಿ ಬರೆದುಕೊಡುವ ಶಾಲೆಯೂ ಇರುತ್ತದೆ. ಶಾಲೆಯ ಒಂದು ಕೊಠಡಿಯೇ ಜೂನ್ ತಿಂಗಳಲ್ಲಿ ಬೂಟಂಗಡಿಯಾಗುವುದೂ ಉಂಟು. ಹೊರಗೆ ಅರ್ಧ ಬೆಲೆಗೆ ಸಿಗುವ ಮಾಲಿಗೆ ಇಲ್ಲಿ ಪೂರ್ತಿ ಬೆಲೆ ತೆತ್ತು, ರಸೀತಿಯನ್ನೂ ಪಡೆಯದೆ ಹಿಂದಿರುಗುವ ತಂದೆಯು, ಮಗುವಿನ ಮೇಲೆ ಶಾಲೆಯವರ ಕಣ್ಣು ಬಿದ್ದೀತೆಂಬ ಅಂಜಿಕೆಯಿಂದ ಬಾಯಿ ಬಿಡುವುದಿಲ್ಲ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು 2017ರ ಏಪ್ರಿಲಿನಲ್ಲಿ ತನ್ನ ಅಧೀನ ಶಾಲೆಗಳಿಗೆ, ಪುಸ್ತಕ, ಸಮವಸ್ತ್ರ, ಚೀಲ ಮುಂತಾದುವುಗಳ ವ್ಯಾಪಾರವನ್ನು ಆವರಣದೊಳಗೆ ನಡೆಸಕೂಡದೆಂದು ಸೂಚಿಸಬೇಕಾಗಿ ಬಂದದ್ದು ಈ ರೋಗ ವ್ಯಾಪಕವಾಗಿದ್ದುದರಿಂದಲೇ. ಹುಡುಗನ ನೈಕಿಯನ್ನು ಬಾಗಿಲಲ್ಲಿ ತಡೆದು, ತಾನು ಮಾತ್ರ ಕಮೀಷನ್ನಿನ ಬೂಟನ್ನು ಮಾರುವ ಶಾಲೆಗೆ ಸಮತೆಯ ಮಾತಾಡುವ ಅಧಿಕಾರ ಎಲ್ಲಿಂದ ಬಂದೀತು?

ಇನ್ನು ಸರಕಾರಿ ಶಾಲೆಯ ಮಾತು. 2015-16ರ ಸುಮಾರಿನಿಂದ ಕರ್ನಾಟಕ ಸರಕಾರವು ಒಂದರಿಂದ ಹತ್ತನೆಯ ತರಗತಿಯವರೆಗಿನ ತನ್ನ ಶಾಲೆಗಳ ಮಕ್ಕಳಿಗೆ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಬಿಳಿ ಕಾಲುಚೀಲಗಳನ್ನು ಕೊಡುವ ಯೋಜನೆಯನ್ನು ನಡೆಸುತ್ತ ಬಂದಿದೆ. ಹಣವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಮೂಲಕ, ಎಂದರೆ ಜನರ ಬಾಯಲ್ಲಿ ಎಸ್‌ಡಿಎಂಸಿಗಳ ಮೂಲಕ, ವಿನಿಯೋಗವಾಗುತ್ತದೆ. ಐದನೆಯ ತರಗತಿಯವರೆಗೆ ಒಂದು ಮಗುವಿಗೆ 265, ಎಂಟನೆಯವರೆಗೆ 295, ಹತ್ತನೆಯವರೆಗೆ 325 ರೂಪಾಯಿಗಳೆಂಬ ದರವು ಚರ್ಮದ, ರಬ್ಬರಿನ, ಹೊಲಿಗೆಯ ಕೂಲಿಯ ಬೆಲೆಗಳೆಲ್ಲ ಏರುತ್ತಿದ್ದರೂ ಅಲುಗಾಡದೆ ಹಲವು ವರ್ಷ ನಿಂತಿತು. ಆ ದುಡ್ಡಿಗೆ ಬರುವ ಬೂಟಿನ ಹಣೆಬರಹವನ್ನು ಹತ್ತಿರದಿಂದ ನೋಡಬೇಕಾದರೆ ಯಾವುದಾದರೂ ಹಳ್ಳಿಯ ಸಾಲಿಯ ಪಡಸಾಲೆಗೆ ದೀಪಾವಳಿಯಾದ ಮೇಲೆ ಹೋಗಬೇಕು. ಮಕ್ಕಳು ಹೊಸ್ತಿಲಾಚೆ ಬಿಟ್ಟು ಹೋದ ಜೊತೆಗಳ ಸಾಲಿನಲ್ಲಿ, ಮೂತಿಯ ಬಳಿ ಅಟ್ಟೆಯು ಬಿಟ್ಟುಕೊಂಡು ಸುತ್ತಲೂ ದಬ್ಬಣದಿಂದ ಹೊಲಿಸಿಕೊಂಡದ್ದೊಂದು. ಹಿಮ್ಮಡಿಯ ಭಾಗವನ್ನು ತುಳಿದು ಮಡಚಿ ಚಪ್ಪಲಿಯಾಗಿಸಿಕೊಂಡದ್ದೊಂದು. ಮುಂದಿನ ವರ್ಷಕ್ಕೂ ಆಗಲೆಂದು ಒಂದು ಅಳತೆ ದೊಡ್ಡದಾಗಿ ಬಂದು, ತುದಿಯಲ್ಲಿ ಹತ್ತಿಯನ್ನೋ ಹಳೆಯ ಬಟ್ಟೆಯನ್ನೋ ತುರುಕಿಸಿಕೊಂಡದ್ದೊಂದು. ಇವುಗಳ ನಡುವೆ ಬರಿಯ ಹವಾಯಿ ಚಪ್ಪಲಿಗಳು. ಬೆಳೆಯುವ ಕಾಲಿಗೆ ವರ್ಷಕ್ಕೆ ಒಂದೇ ಜೊತೆ ಸಾಲದೆಂಬುದು ಎಲ್ಲ ತಾಯಂದಿರಿಗೂ ಗೊತ್ತಿರುವ ವಿಷಯ.

2022ರ ಜುಲೈಯಲ್ಲಿ ಈ ಯೋಜನೆಯ ಭವಿತವ್ಯವೇ ತೂಗುಯ್ಯಾಲೆಯಲ್ಲಿ ನಿಂತಿತು. ಆ ವರ್ಷ ಬೂಟು ಕೊಡುವುದು ಅನುಮಾನವೆಂಬ ಸುದ್ದಿ ಹಬ್ಬಿ, ವಿರೋಧ ಪಕ್ಷದವರು ತಾವೇ ದುಡ್ಡು ಕೂಡಿಸುತ್ತೇವೆಂದು ಹೇಳಿ, ಕೊನೆಗೆ ಸರಕಾರವು ನೂರು ಕೋಟಿಗೂ ಮೀರಿದ ಹಣವನ್ನು ಬಿಡುಗಡೆ ಮಾಡಿತು. ಮಕ್ಕಳು ಬರುವುದು ಓದಲಿಕ್ಕೋ ಬೂಟು ಹಾಕಿಕೊಳ್ಳಲಿಕ್ಕೋ ಎಂಬ ಧಾಟಿಯ ಮಾತುಗಳೂ ಆಗ ಕೇಳಿಬಂದುವು. ಈ ಮಾತನ್ನಾಡುವವರ ಕಾಲಲ್ಲಿ ಬೂಟು ಇರುತ್ತದೆಂಬುದನ್ನು ಬಿಟ್ಟುಬಿಡೋಣ. ವಿಷಯದ ಆರೋಗ್ಯಪಕ್ಷವನ್ನಾದರೂ ಗಮನಿಸಬೇಕಿತ್ತು. ಕೊಕ್ಕೆಹುಳುವಿನ ಮರಿಗಳು ಮಲಿನವಾದ ಮಣ್ಣಿನಿಂದ ಬರಿಗಾಲಿನ ಚರ್ಮವನ್ನು ಕೊರೆದೇ ದೇಹವನ್ನು ಪ್ರವೇಶಿಸುತ್ತವೆ. ಕರುಳಿನಲ್ಲಿ ನೆಲೆಸಿ ರಕ್ತವನ್ನು ಹೀರಿ ಮಗುವನ್ನು ನಿಸ್ತೇಜಗೊಳಿಸುತ್ತವೆ. ಹುಳುವಿನ ಮಾತ್ರೆಯನ್ನು ಶಾಲೆಯಲ್ಲಿ ನುಂಗಿಸಿ ಬರಿಗಾಲಿನಲ್ಲಿ ಮನೆಗೆ ಕಳಿಸಿದರೆ, ಹುಳುವಿಗೆ ಮತ್ತೆ ದಾರಿ ತೆರೆದುಕೊಟ್ಟಂತಾಗುತ್ತದೆ. ಏಪ್ರಿಲಿನಲ್ಲಿ ನಲವತ್ತು ಡಿಗ್ರಿಗೂ ಏರುವ ಬಿಸಿಲಿನ, ಹಾದಿಯುದ್ದಕ್ಕೂ ಬಳ್ಳಾರಿ ಜಾಲಿಯ ಮುಳ್ಳು ಚೆಲ್ಲಿದ ಈ ನೆಲದಲ್ಲಿ ಪಾದರಕ್ಷೆಯು ಅಲಂಕಾರವಲ್ಲವೆಂದು ವಾದಿಸುವ ಶ್ರಮವೇ ಅನಾವಶ್ಯಕ.

ಅದೇ ಬಿಸಿಲನ್ನು ನೆನೆದರೆ ಇನ್ನೊಂದು ಸಂದೇಹವೂ ಏಳುತ್ತದೆ: ಮುಚ್ಚಿದ ಕಪ್ಪು ಬೂಟು, ಅದರೊಳಗೆ ನೈಲಾನು ಕಾಲುಚೀಲ, ಇವೇ ಶಿಸ್ತೆಂದು ನಮಗೆ ಹೇಳಿಕೊಟ್ಟವರು ಯಾರು? ಶೀತದೇಶದ ಸೇನೆಗೂ ಶಾಲೆಗೂ ಒಪ್ಪುವ ಈ ವೇಷವು ರಾಯಚೂರಿನ ಸೆಕೆಯಲ್ಲಿ ಮಗುವಿನ ಬೆರಳ ಸಂದುಗಳನ್ನು ಬೇಯಿಸುತ್ತದೆ. ಸ್ಥಳೀಯ ಹವೆಗೆ ತಕ್ಕಂತೆ ಬೂಟಿನ ಬದಲು ಸ್ಯಾಂಡಲ್ಲನ್ನೂ ಕೊಡಬಹುದೆಂದು 2023ರಲ್ಲಿ ಶಿಕ್ಷಣ ಇಲಾಖೆಯು ಎಸ್‌ಡಿಎಂಸಿಗಳಿಗೆ ಸ್ವಾತಂತ್ರ್ಯವನ್ನಿತ್ತದ್ದು, ಹೆಚ್ಚು ಸದ್ದಾಗದೆ ನಡೆದುಹೋದ ಒಂದು ವಿವೇಕದ ಕೆಲಸ. ಖಾಸಗಿ ಶಾಲೆಗಳೂ ಇದನ್ನು ಅನುಸರಿಸಿದರೆ ದುಬಾರಿ ಬೂಟಿನ ಪ್ರಶ್ನೆಯ ಅರ್ಧಭಾಗ ತಾನಾಗಿಯೇ ಕರಗಿಹೋಗುತ್ತದೆ. ಹೆಸರಿನ ಹಂಗಿಲ್ಲದ ಗಟ್ಟಿ ಸ್ಯಾಂಡಲ್ಲಿನ ಮೇಲೆ ಮೆರೆಯುವುದು ಕಷ್ಟ. ಹಾಗೆಂದು ಸ್ಯಾಂಡಲ್ಲಾದರೆ ಸಾಕು, ಆಡಂಬರ ಸುಳಿಯದೆಂದೂ ಹೇಳುವಂತಿಲ್ಲವೆನ್ನಿ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳ ಚಮ್ಮಾರರೂ ಪಾಲುದಾರರಾಗಿ 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆಯನ್ನು ಇಟಲಿಯ ಪ್ರಾಡಾ ಸಂಸ್ಥೆಯು 2025ರ ಜೂನಿನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ನಡೆಸಿ ತೋರಿಸಿದಾಗ, ಅದರ ಬೆಲೆ ಲಕ್ಷ ರೂಪಾಯಿಗಳ ಆಸುಪಾಸಿನದೆಂಬ ವಾರ್ತೆ ಬಂದಿತು. ಅಥಣಿಯ ಕುಶಲಿಯ ಕೈಯಲ್ಲಿ ಅಂಥ ಜೊತೆ ಸಾವಿರ ರೂಪಾಯಿಯ ಆಜುಬಾಜಿನಲ್ಲಿ ಸಿಗುತ್ತದೆ. ಉಳಿದ ತೊಂಬತ್ತೊಂಬತ್ತು ಸಾವಿರವನ್ನು ಕಾಲು ಅರಿಯಲಾರದು. ಅದು ನೋಡುವವರ ಕಣ್ಣಿಗಾಗಿ ತೆತ್ತ ಹಣ.

ನಿಷೇಧವನ್ನು ವಿರೋಧಿಸುವವರ ವಾದಗಳೂ ನಿರ್ಲಕ್ಷಿಸತಕ್ಕವಲ್ಲ. ತಮ್ಮ ದುಡಿಮೆಯ ಹಣದಿಂದ ತಮ್ಮ ಮಗುವಿಗೆ ಒಳ್ಳೆಯದನ್ನು ಕೊಡಿಸುವುದಕ್ಕೆ ಶಾಲೆಯ ಅಪ್ಪಣೆಯೇಕೆ ಎಂಬುದು ಮೊದಲನೆಯದು. ಮನೆಯಲ್ಲಿ, ಜಾತ್ರೆಯಲ್ಲಿ, ಮದುವೆಯಲ್ಲಿ ಬೇಡವೆಂದು ಯಾರೂ ಹೇಳುತ್ತಿಲ್ಲ. ಅಂಗಿಯ ಬಣ್ಣವನ್ನು ಶಾಲೆಗೆ ಬಿಟ್ಟುಕೊಟ್ಟ ಮೇಲೆ ಬೂಟಿನ ಗುರುತನ್ನು ಬಿಟ್ಟುಕೊಡುವುದರಿಂದ ಸ್ವಾತಂತ್ರ್ಯಕ್ಕೆ ವಿಶೇಷ ಹಾನಿಯೇನೂ ಆಗುವುದಿಲ್ಲ. ಬೂಟನ್ನು ತಡೆದರೆ ಹುಡುಗರು ಕೈಗಡಿಯಾರದಲ್ಲಿಯೋ ಚೀಲದಲ್ಲಿಯೋ ಸೈಕಲ್ಲಿನಲ್ಲಿಯೋ ಮೆರೆಯುತ್ತಾರೆಂಬುದು ಎರಡನೆಯದು. ಇದು ನಿಜವೇ ಆದರೂ, ಒಂದು ರಂಧ್ರವನ್ನು ಮುಚ್ಚಲಾರೆವಾದ್ದರಿಂದ ಇನ್ನೊಂದನ್ನೂ ತೆರೆದಿಡೋಣವೆಂಬ ತರ್ಕ ನನಗೆ ಹಿಡಿಸುವುದಿಲ್ಲ. ಗಟ್ಟಿಯಾದ ವಾದವೆಂದರೆ ಮೂರನೆಯದು: ಬೆಲೆಯುಳ್ಳ ಬೂಟು ಕೆಲವೊಮ್ಮೆ ನಿಜವಾಗಿಯೂ ಒಳ್ಳೆಯ ಬೂಟು. ಚಪ್ಪಟೆ ಪಾದದ ಮಗುವಿಗೆ, ವೈದ್ಯರು ವಿಶೇಷ ಆಧಾರವನ್ನು ಸೂಚಿಸಿದ ಮಗುವಿಗೆ, ಜಿಲ್ಲಾಮಟ್ಟಕ್ಕೆ ಓಡುವ ಹುಡುಗಿಗೆ 265 ರೂಪಾಯಿಯ ಬೂಟನ್ನೇ ಹಾಕಿಕೋ ಎನ್ನುವುದು ಸಮತೆಯಲ್ಲ, ಹಿಂಸೆ. ಇವರಿಗೆ ವಿನಾಯಿತಿ ಇರಲೇಬೇಕು. ಅದನ್ನು ಕೇಳಿಕೊಳ್ಳಲು ಆ ಮಗು ತರಗತಿಯ ಎದುರಿಗೆ ನಿಲ್ಲುವಂತಾಗಬಾರದು.

ಆದುದರಿಂದ ನಿಯಮವನ್ನು ಬರೆಯುವ ರೀತಿಯಲ್ಲಿಯೇ ಎಲ್ಲವೂ ಅಡಗಿದೆ. ಇಷ್ಟು ರೂಪಾಯಿಗಿಂತ ಹೆಚ್ಚಿನ ಬೂಟು ಕೂಡದೆಂದು ಬೆಲೆಯ ಗೆರೆಯನ್ನೆಳೆದರೆ, ಬಾಗಿಲಲ್ಲಿ ರಸೀತಿಯನ್ನು ಪರೀಕ್ಷಿಸುವ ಒಬ್ಬ ಸುಂಕದವನನ್ನು ನೇಮಿಸಬೇಕಾಗುತ್ತದೆ. 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿಯು 2,500 ರೂಪಾಯಿಯವರೆಗಿನ ಪಾದರಕ್ಷೆಗೆ ಶೇಕಡಾ 5, ಅದನ್ನು ಮೀರಿದ್ದಕ್ಕೆ ಶೇಕಡಾ 18 ಎಂದು ಗೆರೆಯನ್ನೆಳೆದಿದೆಯಾದರೂ, ಅದು ತೆರಿಗೆಯವರ ಕೆಲಸ, ಮೇಷ್ಟರದಲ್ಲ. ಕಂಪನಿಗಳ ಹೆಸರನ್ನು ಪಟ್ಟಿಮಾಡಿ ನಿಷೇಧಿಸಿದರೆ, ಆ ಪಟ್ಟಿಯೇ ಹುಡುಗರಿಗೆ ಆಸೆಯ ಪಟ್ಟಿಯಾದೀತು. ಅದಕ್ಕಿಂತ ಸರಳವಾದ ಉಪಾಯ, ಕಣ್ಣಿಗೆ ಕಾಣುವುದನ್ನು ಮಾತ್ರ ನಿಯಮಿಸುವುದು: ಪೂರ್ತಿ ಒಂದೇ ಬಣ್ಣ, ಹೊರಮೈಯಲ್ಲಿ ಯಾವ ಸಂಸ್ಥೆಯ ಗುರುತಾಗಲಿ ಅಕ್ಷರವಾಗಲಿ ಕಾಣಕೂಡದು, ಬೂಟೋ ಸ್ಯಾಂಡಲ್ಲೋ ಯಾವುದಾದರೂ ಸರಿ, ಎಲ್ಲಿ ಬೇಕಾದರೂ ಕೊಳ್ಳಬಹುದು. ಗುರುತೇ ಕಾಣದೆಂದ ಮೇಲೆ ಹತ್ತು ಸಾವಿರವನ್ನು ತೆರುವವನು ಅಪರೂಪ; ಫಸ್ಟ್ ಕಾಪಿಯ ವ್ಯಾಪಾರಿಗೂ ಶಾಲೆಯ ಬಾಗಿಲಲ್ಲಿ ಕೆಲಸವಿಲ್ಲ. ಇಂಗ್ಲೆಂಡಿನಲ್ಲಿ 2021ರ ಒಂದು ಕಾಯಿದೆಯನ್ನನುಸರಿಸಿ ಹೊರಟ ಮಾರ್ಗಸೂಚಿಯು, ಶಾಲೆಯ ಲಾಂಛನವುಳ್ಳ ಉಡುಪುಗಳನ್ನು ಕನಿಷ್ಠಗೊಳಿಸಬೇಕೆಂದೂ, ಒಬ್ಬರು ಬಳಸಿದ್ದನ್ನು ಇನ್ನೊಬ್ಬರು ಪಡೆಯುವ ವ್ಯವಸ್ಥೆ ಇರಬೇಕೆಂದೂ ಹೇಳುತ್ತದೆ. ಒಬ್ಬರು ಮೆಟ್ಟಿದ್ದನ್ನು ಇನ್ನೊಬ್ಬರು ಮೆಟ್ಟಬಾರದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿರುವುದರಿಂದ ಈ ಎರಡನೆಯ ಭಾಗ ಇಲ್ಲಿ ನಡೆಯುವುದು ಕಷ್ಟ. ಮೊದಲನೆಯದನ್ನು ಮಾತ್ರ ಹಾಗೆಯೇ ಎತ್ತಿಕೊಳ್ಳಬಹುದು.

ಇಷ್ಟಾದರೂ ಗಣಿಯ ನಿಯಮದಲ್ಲಿದ್ದ ಎರಡನೆಯ ಪ್ರಶ್ನೆ ಉಳಿದೇ ಇದೆ. ಮೇಲಿನ ಮಿತಿಯನ್ನು ಕಟ್ಟುವ ಶಾಲೆಯು ಕೆಳಗೆ ಬೀಳುವ ಮಗುವನ್ನು ಹಿಡಿಯಲೂ ಸಿದ್ಧವಾಗಿರಬೇಕು. ಬೂಟು ಹರಿದಿದೆಯೆಂದು, ಬಿಳಿ ಬೂಟಿನ ದಿನ ಕಪ್ಪನ್ನು ಹಾಕಿಕೊಂಡು ಬಂದನೆಂದು ಮಗುವನ್ನು ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸುವ ಪದ್ಧತಿಯನ್ನು ಶಿಸ್ತೆಂದು ಕರೆಯುವವರು, 2009ರ ಶಿಕ್ಷಣ ಹಕ್ಕು ಕಾಯಿದೆಯ ಹದಿನೇಳನೆಯ ಕಲಮನ್ನು ಒಮ್ಮೆ ಓದಿಕೊಳ್ಳುವುದು ಕ್ಷೇಮ. ದೈಹಿಕ ದಂಡನೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ಅದು ನಿಷೇಧಿಸಿದೆ. ಅದೇ ಕಾಯಿದೆಯ ಹನ್ನೆರಡನೆಯ ಕಲಮಿನ ಪ್ರಕಾರ ಖಾಸಗಿ ಶಾಲೆಗಳ ಕಾಲುಭಾಗದ ಸೀಟುಗಳಲ್ಲಿ ಸೇರಿಕೊಂಡ ಬಡಮಕ್ಕಳನ್ನು, ಹೆಸರು ಕೇಳದೆ ಕಾಲು ನೋಡಿಯೇ ಗುರುತಿಸಬಹುದಾದ ತರಗತಿಗಳು ಇನ್ನೂ ಇವೆ. ಹತ್ತು ಸಾವಿರದ ಬೂಟಿಗೆ ಒಳಗೆ ಬರಬೇಡವೆಂದು ಹೇಳುವ ಧೈರ್ಯ ಎಷ್ಟು ಅವಶ್ಯವೋ, ಬರಿಗಾಲಿಗೆ ಒಳಗೆ ಬಾ ಎಂದು ಹೇಳುವ ಉದಾರತೆಯೂ ಅಷ್ಟೇ ಅವಶ್ಯ; ಎರಡನೆಯದಿಲ್ಲದೆ ಮೊದಲನೆಯದನ್ನು ಮಾತ್ರ ಮಾಡುವ ಶಾಲೆಯ ನಿಯಮವನ್ನು ನಾನು ಬೆಂಬಲಿಸಲಾರೆ.

ಮೇ ತಿಂಗಳ ಕೊನೆಯಲ್ಲಿ ಶಾಲೆಗಳು ತೆರೆಯುತ್ತವೆ. ಹಟ್ಟಿಯವರಾಗಲಿ, ಮಸ್ಕಿಯವರಾಗಲಿ, ಸಿಂಧನೂರಿನವರಾಗಲಿ, ಖಾಸಗಿ ಶಾಲೆಗೆ ಮಕ್ಕಳನ್ನು ಕಳಿಸುವ ಪಾಲಕರು ಬೂಟು ಕೊಳ್ಳುವ ಮೊದಲು ಒಟ್ಟಾಗಿ ಹೋಗಿ, ಸಮವಸ್ತ್ರದ ನಿಯಮವನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಅಂಗಡಿಯ ಹೆಸರೋ ಕಂಪನಿಯ ಹೆಸರೋ ಅದರಲ್ಲಿದ್ದರೆ ತೆಗೆಯಿಸಬೇಕು. ಗೊತ್ತುಪಡಿಸಿದ ಐದು ವರ್ಷಗಳೊಳಗೆ, ಇಲ್ಲವೆ ಒಂದು ವರ್ಷದ ಮುನ್ಸೂಚನೆಯಿಲ್ಲದೆ ಸಮವಸ್ತ್ರವನ್ನು ಬದಲಾಯಿಸಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ದೂರು ಕೊಡಬೇಕು. ಸರಕಾರಿ ಶಾಲೆಯ ಪಾಲಕರು ಎಸ್‌ಡಿಎಂಸಿಯ ಸಭೆಗೆ ತಪ್ಪದೆ ಹೋಗಿ, ಬಂದ ಹಣಕ್ಕೆ ಬೂಟೋ ಸ್ಯಾಂಡಲ್ಲೋ ಎಂಬುದನ್ನು ತಾವೇ ತೀರ್ಮಾನಿಸಿ, ಮಾದರಿ ಜೊತೆಯೊಂದನ್ನು ಕೈಯಲ್ಲಿ ಹಿಡಿದು, ಅಟ್ಟೆಯನ್ನು ಬಾಗಿಸಿ ನೋಡಿ ಒಪ್ಪಿಗೆ ಕೊಡಬೇಕು. ಆ ಅಧಿಕಾರ ಅವರಿಗೆ ಈಗಾಗಲೇ ಇದೆ.